ಬೀಗದ ಜಾಗದಲ್ಲಿ ನಿಂತವನು

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ನಾನು ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ, ಎಡಗಡೆಯ ಕಂಬದ ನೆರಳಿನಲ್ಲಿ ನಿಂತಿದ್ದೆ. ಎದುರಿಗೆ ಸಣ್ಣ ರಸ್ತೆ, ಅದರ ಆಚೆ ಬದಿಗೆ ಟ್ರಾನ್ಸ್‌ಫಾರ್ಮರ್. ನನಗೂ ಅದಕ್ಕೂ ನಡುವೆ ಒಂದು ಆಟೋ ಹಾಯುವಷ್ಟು ಜಾಗವಿತ್ತು. ಅಡ್ಡವಾಗಿ ಏನೂ ಇರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆ. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಎಲ್ಲಿ ನಿಂತಿದ್ದಿರಿ, ಕಣ್ಣು ಸರಿಯಿದೆಯೆ, ಬಿಸಿಲಿಗೆ ತಲೆ ತಿರುಗಿರಲಿಲ್ಲ ತಾನೆ ಎಂದು ಆಮೇಲೆ ಬಹಳ ಜನ ನನ್ನನ್ನು ಅಕ್ಕರೆಯಿಂದ ವಿಚಾರಿಸಿದರು. ಹೊಡೆತ ತಿಂದವನ ಕೈ ಹೇಗಿದೆ ಎಂದು ಅವರಲ್ಲಿ ಯಾರೂ ಕೇಳಲಿಲ್ಲ.

ಹಿಂದಿನ ಸಂಜೆ ದೊಡ್ಡ ಗಾಳಿ ಬೀಸಿ, ಬೇವಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದಿತ್ತು. ವಿದ್ಯುತ್ ಕಚೇರಿಯಿಂದ ರಿಪೇರಿಗೆ ಇಬ್ಬರು ಬಂದಿದ್ದರು. ಒಬ್ಬಳು ಚಿಕ್ಕ ವಯಸ್ಸಿನ ಹೆಂಗಸು. ಇತ್ತೀಚೆಗೆ ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ. ಅವಳು ಖಾಯಂ ನೌಕರಿಯವಳು. ಟ್ರಾನ್ಸ್‌ಫಾರ್ಮರಿನ ಪಕ್ಕದ ಕಂಬ ಹತ್ತಿ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಹರಿದ ತಂತಿ ಜೋಡಿಸುತ್ತಿದ್ದಳು. ಇನ್ನೊಬ್ಬ ನಲವತ್ತು ದಾಟಿದ ಗಂಡಸು, ಗುತ್ತಿಗೆದಾರನ ಕಡೆಯವನು. ಅವನು ಟ್ರಾನ್ಸ್‌ಫಾರ್ಮರಿನ ಕೆಳಗೆ, ಎದೆಯ ಎತ್ತರಕ್ಕಿದ್ದ ಕಬ್ಬಿಣದ ಹ್ಯಾಂಡಲ್ ಹಿಡಿದು ಸುಮ್ಮನೆ ನಿಂತಿದ್ದ.

ಆ ಹ್ಯಾಂಡಲ್ ಕೆಳಗೆ ಎಳೆದರೆ ನಮ್ಮ ಓಣಿಯ ತಂತಿಗಳಿಗೆಲ್ಲ ಕರೆಂಟು ನಿಲ್ಲುತ್ತದೆ. ಮೇಲಕ್ಕೆ ತಳ್ಳಿದರೆ ಬರುತ್ತದೆ. ಕಂಬದ ಮೇಲೆ ಜನ ಇರುವಾಗ ಯಾರೂ ಅದನ್ನು ತಳ್ಳಬಾರದು ಎಂದು ಹ್ಯಾಂಡಲಿಗೆ ಒಂದು ಬಳೆಯಿದೆ. ಆ ಬಳೆಗೆ ಬೀಗ ಹಾಕಿ, ಬೀಗದ ಕೈಯನ್ನು ಮೇಲೆ ಹತ್ತುವವರು ಜೇಬಿನಲ್ಲಿಟ್ಟುಕೊಂಡು ಹತ್ತಬೇಕು. ನಮ್ಮ ಟ್ರಾನ್ಸ್‌ಫಾರ್ಮರಿನ ಬೀಗ ತುಕ್ಕು ಹಿಡಿದು ಮುರಿದು ವರ್ಷಗಳೇ ಆಗಿದ್ದವು. ಹೊಸದಕ್ಕೆ ಬರೆದು ಕಳಿಸಿದ್ದೇವೆ ಎಂದು ಕಚೇರಿಯವರು ಹೇಳುತ್ತಿದ್ದರು. ಬೀಗ ಬರುವ ತನಕ ಅವರು ಕಂಡುಕೊಂಡಿದ್ದ ಏರ್ಪಾಡು ಬಹಳ ಸರಳವಾದದ್ದು. ಬೀಗದ ಜಾಗದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು. ಮನುಷ್ಯ ತುಕ್ಕು ಹಿಡಿಯುವುದಿಲ್ಲ, ಮುರಿದರೆ ಇನ್ನೊಬ್ಬ ಸಿಗುತ್ತಾನೆ.

ನಾನು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಂತ್ರದ ಹೊಟ್ಟೆಯೊಳಗೆ ಒಬ್ಬ ಇಳಿದಿದ್ದರೆ ಸ್ವಿಚ್ಚಿನ ಹತ್ತಿರ ಇನ್ನೊಬ್ಬ ನಿಲ್ಲುವುದನ್ನು ನೋಡಿಯೇ ತಲೆ ನೆರೆಸಿಕೊಂಡಿದ್ದೇನೆ. ಹಾಗಾಗಿ ಆ ಮನುಷ್ಯ ಯಾಕೆ ಸುಮ್ಮನೆ ನಿಂತಿದ್ದಾನೆ ಎಂಬುದು ನನಗೆ ಒಗಟಾಗಿರಲಿಲ್ಲ. ನಮ್ಮ ಕಟ್ಟಡದ ಉಳಿದವರಿಗೆ ಅದು ಸೋಮಾರಿತನವಾಗಿ ಕಂಡಿತ್ತು. ಬಾಲ್ಕನಿಗಳಿಂದ ಹೊತ್ತುಹೊತ್ತಿಗೆ ಮಾತುಗಳು ಇಳಿಯುತ್ತಿದ್ದವು. ‘ಹ್ಯಾಂಡಲ್ ಏನು ಓಡಿ ಹೋಗುತ್ತದೆಯೆ? ನೀನೂ ಒಂದು ಕೈ ಹಚ್ಚಬಾರದೆ?’ ಅವನು ಮೇಲೆ ನೋಡಿ ನಗುತ್ತಿದ್ದ, ಹ್ಯಾಂಡಲ್ ಬಿಡುತ್ತಿರಲಿಲ್ಲ.

ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎರಡನೆಯ ಮಹಡಿಯ ಅಜ್ಜಿ ಕೂತಿದ್ದರು. ಮನೆಯೊಳಗೆ ಸೆಕೆಯೆಂದು ಕರೆಂಟು ಹೋದಾಗಲೆಲ್ಲ ಅವರು ಕೆಳಗೆ ಇಳಿದು ಬರುತ್ತಾರೆ. ಕೈಯಲ್ಲಿ ಬೀಸಣಿಗೆಯಿತ್ತು. ಬೇವಿನ ಮರದ ಬುಡದಲ್ಲಿ ಇಸ್ತ್ರಿ ಮಾಡುವ ಹೆಂಗಸು ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಯಾರದೋ ಅಂಗಿ ಉಜ್ಜುತ್ತಿದ್ದಳು. ಅವಳ ಆಚೆ ಎಳನೀರಿನ ಗಾಡಿಯ ಮುದುಕ. ರಸ್ತೆಯಲ್ಲಿ ಇದ್ದವರು ಇಷ್ಟೇ.

ಆಗ ಎರಡನೆಯ ಮಹಡಿಯಾತ ಮೆಟ್ಟಿಲಿಳಿದು ಬಂದ. ಅಜ್ಜಿಯ ಮಗ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನೀರು ತುಂಬಿದ ಸ್ಟೀಲ್ ಬಾಟ್ಲಿ. ಫೋನಿನಲ್ಲಿ ಕ್ರಿಕೆಟ್ ಮ್ಯಾಚು ನಿಂತುನಿಂತು ಓಡುತ್ತಿತ್ತು. ದೊಡ್ಡ ಟಿವಿಯಲ್ಲಿ ನೋಡಬೇಕಾದದ್ದನ್ನು ಅಂಗೈಯಲ್ಲಿ ನೋಡಬೇಕಾಗಿ ಬಂದ ಮನುಷ್ಯನ ಸಂಕಟ ಅವನ ಮುಖದ ಮೇಲಿತ್ತು. ಅವನು ನೇರ ರಸ್ತೆ ದಾಟಿ ಹೋಗಿ, ಹ್ಯಾಂಡಲ್ ಹಿಡಿದವನ ಮುಂದೆ ನಿಂತು, ಕರೆಂಟು ಹಾಕು ಎಂದ.

‘ಪೈನ ಮನಿಷಿ ಉಂದಿ ಸಾರ್,’ ಎಂದ ಅವನು ತೆಲುಗಿನಲ್ಲಿ. ಮೇಲೆ ಜನ ಇದ್ದಾರೆ ಎಂದು.

ಈಗ ನಾನು ಬರೆಯುವುದನ್ನು ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ. ಎರಡನೆಯ ಮಹಡಿಯಾತ ತಲೆ ಎತ್ತಿದ. ಪಕ್ಕದ ಕಂಬದ ತುದಿಯನ್ನು ನೋಡಿದ. ಹಣೆಗೆ ಬಿಸಿಲು ಬಡಿಯಿತೆಂದು ಫೋನಿದ್ದ ಕೈಯನ್ನು ಹುಬ್ಬಿಗೆ ಮರೆ ಹಿಡಿದು ಮತ್ತೆ ನೋಡಿದ. ಆಮೇಲೆ ನಕ್ಕ. ‘ಆಡಪಿಲ್ಲನಿ ಎಕ್ಕಿಂಚಿ ನುವ್ವು ಕಿಂದ ನಿಲಬಡ್ಡಾವಾ?’ ಎಂದ. ಹುಡುಗಿಯನ್ನು ಹತ್ತಿಸಿ ನೀನು ಕೆಳಗೆ ನಿಂತಿದ್ದೀಯಾ ಎಂದು. ಕೆಳಗಿದ್ದವನೂ ಒಪ್ಪುವವನಂತೆ ಸ್ವಲ್ಪ ನಕ್ಕ. ಆ ನಗು ಮುಗಿಯುವ ಮೊದಲೇ ಎರಡನೆಯ ಮಹಡಿಯಾತ ಫೋನನ್ನು ಜೇಬಿಗೆ ಹಾಕಿ, ಹ್ಯಾಂಡಲಿಗೆ ಕೈ ಹಾಕಿ ಮೇಲಕ್ಕೆ ತಳ್ಳಿದ.

ಹ್ಯಾಂಡಲ್ ಮೇಲೇರಲಿಲ್ಲ. ಕೆಳಗಿನವನು ಎರಡೂ ಕೈಯಲ್ಲಿ ಅದನ್ನು ಹಿಡಿದು ತೂಗುಬಿದ್ದಿದ್ದ. ಮೊದಲು ಕೆನ್ನೆಗೆ ಏಟು ಬಿತ್ತು. ಅವನು ಬಿಡಲಿಲ್ಲ. ‘ರೆಂಡು ನಿಮಿಷಾಲು ರಾ, ನಾಟಕಾಲು ಆಡಕು,’ ಎರಡೇ ನಿಮಿಷ ಕಣೋ, ನಾಟಕ ಆಡಬೇಡ, ಎನ್ನುತ್ತ ಎರಡನೆಯ ಮಹಡಿಯಾತ ಸ್ಟೀಲ್ ಬಾಟ್ಲಿಯಿಂದ ಅವನ ಬೆರಳುಗಳ ಮೇಲೆ ಹೊಡೆದ. ನೀರು ತುಂಬಿದ ಬಾಟ್ಲಿ ಕಬ್ಬಿಣದ ಮೇಲಿಟ್ಟ ಬೆರಳಿಗೆ ಬಿದ್ದ ಸದ್ದು ಒಂದು ತೆರ. ಕಬ್ಬಿಣಕ್ಕೇ ಬಿದ್ದ ಸದ್ದು ಇನ್ನೊಂದು ತೆರ. ನನಗೆ ಎರಡೂ ಬೇರೆಬೇರೆಯಾಗಿ ಕೇಳಿಸಿದವು, ಈಗಲೂ ಕೇಳಿಸುತ್ತವೆ. ನಾನು ಕೂಗುತ್ತ ರಸ್ತೆಗೆ ಇಳಿದೆ. ನನ್ನ ಮಂಡಿ ಬೇಗ ನಡೆಯಲು ಬಿಡುವುದಿಲ್ಲ. ಹಿಂದಿನಿಂದ ಅಜ್ಜಿ, ‘ವದ್ದುರಾ, ವದ್ದು,’ ಎನ್ನುತ್ತಿದ್ದರು. ಬೇಡವೋ, ಬೇಡ ಎಂದು. ಕೆಳಗಿನವನು ಆಗ ಹ್ಯಾಂಡಲನ್ನು ಕೈಯಲ್ಲಿ ಹಿಡಿಯುವುದನ್ನು ಬಿಟ್ಟು, ಮೊಣಕೈ ಸಿಕ್ಕಿಸಿ, ಎದೆಗೆ ಅಪ್ಪಿಕೊಂಡು, ಅದೇ ಮಾತನ್ನು ಹೇಳುತ್ತಿದ್ದ. ಪೈನ ಮನಿಷಿ ಉಂದಿ ಸಾರ್. ಅವನು ಬೈಯಲಿಲ್ಲ. ಸಾರ್ ಎನ್ನುವುದನ್ನೂ ಬಿಡಲಿಲ್ಲ.

ಬಿಡಿಸಿದವಳು ಇಸ್ತ್ರಿಯ ಹೆಂಗಸು. ಅವಳು ಕೂಗಲಿಲ್ಲ, ಓಡಲಿಲ್ಲ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಅವರಿಬ್ಬರ ನಡುವೆ ತೂರಿ, ‘ಜರ ಜರುಗುಂಡ್ರಿ ಸಾರ್, ಕಾಲ್ತದಿ,’ ಎಂದಳು. ಸ್ವಲ್ಪ ಸರಿಯಿರಿ, ಸುಡುತ್ತದೆ. ಅದೇನು ಬೆದರಿಕೆಯಲ್ಲ, ಇದ್ದ ಸಂಗತಿ. ಎರಡನೆಯ ಮಹಡಿಯಾತ ಹಿಂದೆ ಸರಿದ. ಹ್ಯಾಂಡಲ್ ಹಿಡಿದವನ ಮಾತಿಗೆ ಬಾರದ ಬುದ್ಧಿ, ಇಸ್ತ್ರಿಪೆಟ್ಟಿಗೆ ಕಂಡೊಡನೆ ಬಂತು. ಮುದುಕ ಎಳನೀರು ಕೆತ್ತಿ ಪೆಟ್ಟು ತಿಂದವನ ಬಾಯಿಗೆ ಹಿಡಿದ. ಅವನು ಹ್ಯಾಂಡಲ್ ಬಿಟ್ಟು ಕಾಯಿ ಹಿಡಿಯಲು ಒಪ್ಪಲಿಲ್ಲ. ಹೆಂಗಸು ಕಂಬದಿಂದ ಇಳಿದು ಬಂದು, ತನ್ನ ಕೈಯಿಂದ ಅವನ ಮೊಣಕೈ ಬಿಡಿಸಿದ ಮೇಲೆಯೇ ಅವನು ಕಟ್ಟೆಯ ಮೇಲೆ ಕೂತದ್ದು. ಬಲಗೈಯ ಎರಡು ಬೆರಳು ಆಗಲೇ ಬೇರೆ ಬಣ್ಣಕ್ಕೆ ತಿರುಗಿದ್ದವು.

ಮರುದಿನ ಬೆಳಿಗ್ಗೆ ಹ್ಯಾಂಡಲಿಗೆ ಹೊಸ ಬೀಗ ಬಂತು. ವರ್ಷಗಟ್ಟಲೆ ಬಾರದೆ ಇದ್ದದ್ದು ಒಂದೇ ರಾತ್ರಿಯಲ್ಲಿ ಬಂದಿತು, ಹೊಳೆಯುತ್ತಿತ್ತು. ಎರಡು ಬೆರಳಿಗೆ ಒಂದು ಬೀಗ ಎಂದು ಕಚೇರಿಯಲ್ಲಿ ದರ ಇರಬೇಕು.

ಪೊಲೀಸರು ಬಂದರು, ಕೇಳಿದರು, ಬರೆದುಕೊಂಡರು. ನಾನು ಕಂಡದ್ದನ್ನು ಹೇಳಿದೆ. ಮೇಲೆ ನೋಡಿದ್ದು, ನಕ್ಕದ್ದು, ಹುಡುಗಿಯ ಮಾತು ಆಡಿದ್ದು, ಆಮೇಲೆ ತಳ್ಳಿದ್ದು, ಇದೇ ಕ್ರಮದಲ್ಲಿ. ಸಬ್‌ಇನ್ಸ್‌ಪೆಕ್ಟರು ಸಭ್ಯ ಮನುಷ್ಯ. ಬರೆದದ್ದನ್ನು ಓದಿ ಹೇಳಿದರು, ಸರಿಯಾಗಿತ್ತು.

ಒಂದು ವಾರ ಕಳೆದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ಮನೆಗೆ ಬಂದ. ರಾಯಚೂರು ಕಡೆಯವನು. ಗೇಟಿನ ಹೊರಗೆ ನನ್ನೊಂದಿಗೆ ತೆಲುಗಿನಲ್ಲಿ, ಕೆಲಸವಿದ್ದಾಗ ಮಾತ್ರ ಕನ್ನಡದಲ್ಲಿ ಮಾತಾಡುವವನು. ಅಂದು ಚಪ್ಪಲಿ ಬಿಡುವಾಗಲೇ ಕನ್ನಡ ಶುರುವಾಯಿತು.

‘ಕಾಕಾ, ಹೊಡದಾ ಅಂತ ಹೇಳ್ರಿ. ನಾವೇನು ಬ್ಯಾಡ ಅನ್ನಂಗಿಲ್ಲ. ಸಿಟ್ಟಿನಾಗ ಕೈ ಎತ್ತಿದಾ, ತಪ್ಪು ತಪ್ಪ. ಆದ್ರ ಮ್ಯಾಲ ನೋಡಿದಾ ಅನ್ನೂದೊಂದು ಬಿಟ್ಟುಬಿಡ್ರಿ.’

‘ನೋಡಿದಾನಲ್ಲಪಾ.’

‘ನೀವೇನು ಅವನ ಕಣ್ಣಾಗ ಕುಂತಿದ್ರೇನು? ಕುತ್ತಿಗಿ ಹಿಡಕೊಂಡಿತ್ತು ಅಂತಾನ ಅಂವಾ. ಅದಕ್ಕ ತಲಿ ಎತ್ತಿರಬೇಕು.’

‘ಕೈ ಅಡ್ಡ ಹಿಡದು ನೋಡಿದಾ. ಆಮ್ಯಾಲ ನಕ್ಕಾ.’

‘ನಕ್ಕಿದ್ದು ಮ್ಯಾಚಿನಾಗ ವಿಕೆಟ್ ಬಿದ್ದಿದ್ದಕ್ಕ.’

ಒಳಗಿನಿಂದ ನನ್ನ ಹೆಂಡತಿ ಚಹಾ ತಂದಿಟ್ಟಳು. ‘ಕುತ್ತಿಗಿ ನೋವು ಇದ್ದಾಂವ ವಿಕೆಟ್ ಬಿದ್ರ ನಗತಾನೇನಪಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಕಾರ್ಯದರ್ಶಿ ಚಹಾ ಕುಡಿದು ನನಗೆ ಕಾನೂನು ತಿಳಿಸಿದ. ವಕೀಲರ ಹತ್ತಿರ ಕೇಳಿಕೊಂಡು ಬಂದಿದ್ದ. ಅವನು ಹೇಳಿದ್ದರ ಸಾರ ಇಷ್ಟು. ಹೊಸ ನ್ಯಾಯ ಸಂಹಿತೆಯಲ್ಲಿ ಒಂದು ಕಲಮು ಇದೆ, ನೂರಾ ಮೂವತ್ತೆರಡನೆಯದು. ಕೆಲಸದ ಮೇಲಿರುವ ಸಾರ್ವಜನಿಕ ನೌಕರನಿಗೆ ಹೊಡೆದರೆ ಎರಡು ವರ್ಷದವರೆಗೆ ಜೈಲು, ಸುಲಭಕ್ಕೆ ಜಾಮೀನು ಇಲ್ಲ, ರಾಜಿಯೂ ಇಲ್ಲ. ಬಹಳ ಬಿಗಿಯಾದ ಕಲಮು. ಆದರೆ ಪೆಟ್ಟು ತಿಂದವನಿಗೆ ಸಂಬಳ ಕೊಡುವವನು ಗುತ್ತಿಗೆದಾರ. ಆದ್ದರಿಂದ ಅವನು ಸಾರ್ವಜನಿಕ ನೌಕರನಲ್ಲ ಎಂದು ವಕೀಲರು ವಾದಿಸುತ್ತಾರೆ. ಅಲ್ಲಿಗೆ ಅದು ರಸ್ತೆಯಲ್ಲಿ ಇಬ್ಬರು ಗಂಡಸರ ನಡುವೆ ನಡೆದ ಸಾಧಾರಣ ಹೊಡೆದಾಟ, ರಾಜಿಗೆ ಬರುತ್ತದೆ. ಕಂಬದ ಮೇಲಿದ್ದ ಹೆಂಗಸು ಸಾರ್ವಜನಿಕ ನೌಕರಳೇ ಸರಿ. ಆದರೆ ಅವಳಿಗೆ ಯಾರೂ ಹೊಡೆದಿಲ್ಲ.

ಹೀಗೆ, ಕಾನೂನು ಯಾರನ್ನು ಕಾಯುತ್ತದೆಯೋ ಅವರಿಗೆ ಪೆಟ್ಟು ಬಿದ್ದಿಲ್ಲ. ಯಾರಿಗೆ ಪೆಟ್ಟು ಬಿದ್ದಿದೆಯೋ ಅವನ ಪರಿಚಯ ಕಾನೂನಿಗಿಲ್ಲ. ಇದನ್ನು ಅವನು ನನಗೆ ಬಹಳ ಸಮಾಧಾನದ ಸುದ್ದಿಯೆಂಬಂತೆ ಹೇಳಿದ.

‘ಮತ್ತ ಮ್ಯಾಲ ನೋಡಿದ್ದು ಬಿಟ್ರ ಏನು ಲಾಭ?’ ಎಂದು ಕೇಳಿದೆ.

‘ಆ ಹುಡುಗಿ ಬ್ಯಾರೆ ಅರ್ಜಿ ಕೊಟ್ಟಾಳಲ್ಲ ಕಾಕಾ. ಗೊತ್ತಿದ್ದೂ ಕರೆಂಟು ಬಿಡಾಕ ಹೋದಾ, ನನ್ನ ಜೀವಕ್ಕ ಕುತ್ತು ತಂದಾ ಅಂತ. ಗೊತ್ತಿತ್ತು ಅನ್ನೂದು ನೀವು ಹೇಳಿದ್ರಷ್ಟ ನಿಲ್ಲತೈತಿ. ಒಂದ ಮಾತು. ಅಂವಾ ಫ್ಲ್ಯಾಟಿನ ಓನರ್ ಮನಷ್ಯಾ, ನಾಳೆ ಲಿಫ್ಟಿನಾಗ ಮುಖ ನೋಡಬೇಕು.’

ನಾನು ಆಗದು ಎಂದೆ. ಚಹಾ ಚೆನ್ನಾಗಿತ್ತೆಂದು ಹೇಳಿ ಹೋದ.

ಆ ದಿನಗಳಲ್ಲಿ ನಾನೊಮ್ಮೆ ವಿದ್ಯುತ್ ಕಚೇರಿಗೂ ಹೋಗಿದ್ದೆ. ಅಧಿಕಾರಿಯ ಕುರ್ಚಿಯ ಹಿಂದೆ, ಗೋಡೆಯ ಮೇಲೆ, ಕೆಂಪು ಅಕ್ಷರಗಳ ಫಲಕವಿತ್ತು. ವಿದ್ಯುತ್ ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವುದು ಶಿಕ್ಷಾರ್ಹ ಅಪರಾಧ. ಕೆಳಗೆ ಕಲಮಿನ ಸಂಖ್ಯೆ. ಸಿಬ್ಬಂದಿಯ ಮೇಲೆ ಯಾರೂ ಹಲ್ಲೆ ಮಾಡದ ಒಂದೇ ಜಾಗ ಆ ಕೋಣೆ, ಫಲಕ ಅಲ್ಲಿತ್ತು. ಗುತ್ತಿಗೆಯವರೂ ಸಿಬ್ಬಂದಿಯೇ ಅಲ್ಲವೆ ಎಂದು ಕೇಳಿದೆ. ಅಧಿಕಾರಿ ಹಿಂದೆ ತಿರುಗಿ, ತಮ್ಮದೇ ಫಲಕವನ್ನು ಮೊದಲ ಸಲ ಓದುವವರಂತೆ ಓದಿ, ‘ಅದು ಮೇಲಿನವರು ನಿರ್ಧರಿಸಬೇಕು,’ ಎಂದರು.

ಆಗಸ್ಟ್ ಹದಿನೈದರಂದು ಬಾವುಟ ಹಾರಿಸಲು ಎಲ್ಲರೂ ಬರಬೇಕೆಂದು ಸಂಘದ ಕರೆ ಬಂತು. ಹೋದೆ. ಬಾವುಟದ ಕಂಬದ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೆಟ್ಟು ತಿಂದವನು ಕೂತಿದ್ದ. ಬಂದು ಶಾಲು ಹೊದಿಸಿಕೊಳ್ಳದಿದ್ದರೆ ಮುಂದಿನ ತಿಂಗಳಿಂದ ಕೆಲಸವಿಲ್ಲ ಎಂದು ಗುತ್ತಿಗೆದಾರ ಹೇಳಿಕಳಿಸಿದ್ದನಂತೆ. ಕಾರ್ಯದರ್ಶಿ ಮೈಕು ಹಿಡಿದು ಅವನನ್ನು ಬೆಳಕಿನ ಯೋಧ ಎಂದ. ಎರಡನೆಯ ಮಹಡಿಯಾತ ಎದ್ದು ಬಂದು ಶಾಲು ಹೊದಿಸಿದ, ಹಾರ ಹಾಕಿದ, ಗಾಜಿನ ಒಂದು ನೆನಪಿನ ಕಾಣಿಕೆಯನ್ನು ಮುಂದೆ ಹಿಡಿದ. ಬಲಗೈ ಬೆರಳು ಮಡಚಲು ಬಾರದ್ದರಿಂದ ಅವನು ಎಡಗೈ ಚಾಚಿದ. ‘ಎಡಗೈಯಲ್ಲಿ ಬೇಡ, ಫೋಟೋದಲ್ಲಿ ಚೆನ್ನಾಗಿ ಕಾಣೋದಿಲ್ಲ,’ ಎಂದು ಯಾರೋ ತೆಲುಗಿನಲ್ಲಿ ಹೇಳಿದರು. ಅವನು ಎರಡೂ ಅಂಗೈ ಚಾಚಿ ತಟ್ಟೆಯಂತೆ ಹಿಡಿದ. ಅದರ ಮೇಲೆ ಗಾಜನ್ನು ಇಟ್ಟರು. ಚಪ್ಪಾಳೆ ಬಿತ್ತು. ಫೋಟೋ ಮಧ್ಯಾಹ್ನದೊಳಗೆ ಎಲ್ಲರ ಫೋನಿಗೂ, ಸಂಜೆಯೊಳಗೆ ವಕೀಲರ ಫೋನಿಗೂ ಹೋಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು.

‘ಬೀಗ ಇತ್ತು, ಅದನ್ನ ಒಡದಿದ್ದಾ ಅಂತ ತಿಳ್ಕೋರಿ. ಆಗ?’ ಎಂದಳು.

‘ಸರ್ಕಾರಿ ಆಸ್ತಿ ಹಾಳು ಮಾಡಿದ್ದಕ್ಕ ಕೇಸು.’

‘ಶಾಲು ಹೊದಸ್ತಿದ್ರೇನು ಬೀಗಕ್ಕ?’

‘ಇಲ್ಲ.’

‘ಭಾಳ ಚಲೋ ಐತಿ ನಿಮ್ಮ ಕಾಯ್ದೆ,’ ಎಂದು ಬದನೆಕಾಯಿಗೆ ಮರಳಿದಳು.

ಅವನ ಪೆಟ್ಟಿನ ಕೇಸು ರಾಜಿಯಾಗಿ ಮುಗಿಯಿತು. ಮುಗಿದ ಮುಂದಿನ ತಿಂಗಳೇ ಗುತ್ತಿಗೆದಾರ, ಬೆರಳು ಮಡಚಲಾಗದವನು ಲೈನಿನ ಕೆಲಸಕ್ಕೆ ಬೇಡವೆಂದು ಅವನನ್ನು ತನ್ನ ಗೋದಾಮಿನ ಗೇಟು ಕಾಯಲು ಹಾಕಿದ. ನಾನು ಹೋಗಿ ನೋಡಿದಾಗ ಅವನು ಸಂಕೋಚದಿಂದ ಎದ್ದು ನಿಂತ. ರಾಜಿಯಾದದ್ದಕ್ಕೆ ನನ್ನಲ್ಲಿ ಕ್ಷಮೆ ಕೇಳುವವನ ಹಾಗೆ, ‘ನಾದಿ ಅಯಿಪೋಯಿಂದಿ ಸಾರ್. ಆಮೆದಿ ಉಂದಿ,’ ಎಂದ. ನನ್ನದು ಮುಗಿಯಿತು, ಅವಳದು ಇದೆ ಎಂದು.

ಅವಳದು ಇದೆ. ಅವಳು ಅರ್ಜಿ ಹಿಂದಕ್ಕೆ ತೆಗೆದುಕೊಂಡಿಲ್ಲ. ಅವಳಿಗೆ ಶಾಲು ಹೊದಿಸಲು ಸಂಘದವರು ಎರಡು ಸಲ ಕರೆದಿದ್ದರು. ಕಂಬದ ಮೇಲಿದ್ದೇನೆ ಎಂದು ಫೋನಿನಲ್ಲೇ ಹೇಳಿ ಇಟ್ಟಳಂತೆ. ಈಗ ಕೋರ್ಟಿನಲ್ಲಿ ನಿಂತಿರುವುದು ಒಂದೇ ಪ್ರಶ್ನೆ. ಕಂಬದ ಮೇಲೆ ಅವಳಿದ್ದದ್ದು ತಳ್ಳಿದವನಿಗೆ ಗೊತ್ತಿತ್ತೋ, ಇಲ್ಲವೋ. ಅದಕ್ಕೆ ಎರಡನೆಯ ಮಹಡಿಯಾತ ಕೊಟ್ಟ ಉತ್ತರವನ್ನು ನಾನು ಕೋರ್ಟಿನ ವರಾಂಡದಲ್ಲಿ ಕೇಳಿದೆ. ಕರೆಂಟು ಹೋದಾಗ ಅವನ ತಾಯಿ ಮೇಲೆ ಮನೆಯಲ್ಲಿ ಆಮ್ಲಜನಕದ ಯಂತ್ರ ಹಾಕಿಕೊಂಡು ಮಲಗಿದ್ದರು. ಯಂತ್ರ ನಿಂತು ಅವರಿಗೆ ಉಸಿರು ಕಟ್ಟಿತು. ಮಗ ದಿಕ್ಕುಗಾಣದೆ ಓಡಿ ಬಂದ. ಅಂಥ ಹೊತ್ತಿನಲ್ಲಿ ಯಾವ ಮಗ ತಲೆ ಎತ್ತಿ ಕಂಬ ನೋಡುತ್ತಾನೆ? ವಕೀಲರು ಇದನ್ನು ಹೇಳುವಾಗ ಅವರ ದನಿಯೇ ನಡುಗಿತು. ತಾಯಿಯ ಮೇಲಿನ ಪ್ರೀತಿಗೆ ಇಷ್ಟು ಅಗ್ಗದ ಕೆಲಸ ಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವಾರವೇ ಲಿಫ್ಟಿನಲ್ಲಿ ಅಜ್ಜಿ ಸಿಕ್ಕರು. ಕೈಯಲ್ಲಿ ಕರಿಬೇವಿನ ಕಟ್ಟು, ತಾವೇ ಹೋಗಿ ತಂದದ್ದು. ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಅವರು ಹೊರಗೆ ಒಂದು ಕಾಲಿಟ್ಟು, ಮನೆಯ ಬಾಗಿಲು ಮುಚ್ಚಿದೆಯೆ ಎಂದು ನೋಡಿ, ‘ನೇನು ಕಿಂದನೇ ಉನ್ನಾನು ಕದಾ?’ ಎಂದರು. ನಾನು ಕೆಳಗೇ ಇದ್ದೆನಲ್ಲವೆ? ಹೌದಮ್ಮಾ, ನನ್ನ ಪಕ್ಕದಲ್ಲೇ ಇದ್ದಿರಿ ಎಂದೆ. ‘ವದ್ದು ಅನ್ನಾನು,’ ಎಂದರು. ನಾನು ಬೇಡವೆಂದಿದ್ದೆ ಎಂದು. ಅದೂ ಕೇಳಿಸಿತು ಎಂದೆ. ಅವರು ತಲೆಯಾಡಿಸಿ, ಕರಿಬೇವಿನ ಒಂದು ಕಡ್ಡಿ ಮುರಿದು ನನ್ನ ಕೈಗಿಟ್ಟು ಹೋದರು. ಕೋರ್ಟು ಅವರನ್ನು ಕರೆದರೆ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಮಗನ ಮನೆಯಲ್ಲಿ ಇರುವವರು.

ಚಳಿಗಾಲದಲ್ಲಿ ಎಳನೀರಿನ ಮುದುಕ ತೀರಿಕೊಂಡ. ಅವನ ಹೇಳಿಕೆಯನ್ನು ಯಾರೂ ಪಡೆದಿರಲಿಲ್ಲ. ಅವನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ. ಅದನ್ನು ನೋಡಿದ ದಿನ ನಾನು ಇದನ್ನು ಬರೆಯಲು ಕೂತೆ. ವಿಚಾರಣೆ ಮುಂದೆ ಹೋಗುತ್ತಲೇ ಇದೆ. ಮುಂದೂಡುವವರಿಗೆ ಅವಸರವಿಲ್ಲ. ನೋಡಿದವರು ಒಬ್ಬೊಬ್ಬರಾಗಿ ಕಡಿಮೆಯಾದರೆ ಆ ಮನುಷ್ಯ ತಲೆ ಎತ್ತಲೇ ಇಲ್ಲ ಎಂದು ತಾನಾಗಿಯೇ ಸಾಬೀತಾಗುತ್ತದೆ.

ನೋಡಿದವರಲ್ಲಿ ಬದುಕಿರುವವರು ಇವರು. ನಾನು. ಇಸ್ತ್ರಿಯ ಹೆಂಗಸು, ಬೇವಿನ ನೆರಳು ಸಂಘಕ್ಕೆ ಸೇರಿದ್ದೆಂದು ಅವಳನ್ನು ಎಬ್ಬಿಸಿದರು, ಈಗ ಹಿಂದಿನ ಓಣಿಯಲ್ಲಿ, ಹಾಲಿನ ಬೂತಿನ ಪಕ್ಕದಲ್ಲಿದ್ದಾಳೆ, ಕರೆದರೆ ಬರುತ್ತೇನೆ ಎಂದಿದ್ದಾಳೆ. ಎರಡನೆಯ ಮಹಡಿಯ ಅಜ್ಜಿ. ಯಾವ ಯಂತ್ರವೂ ಇಲ್ಲದೆ ಚೆನ್ನಾಗಿ ಉಸಿರಾಡುತ್ತಿದ್ದಾರೆ. ಹ್ಯಾಂಡಲ್ ಹಿಡಿದಿದ್ದವನು, ಗೋದಾಮಿನ ಗೇಟಿನಲ್ಲಿದ್ದಾನೆ. ಮತ್ತೆ ಕಂಬದ ಮೇಲಿದ್ದವಳು. ಕರೆಂಟು ಹಾಕು ಎಂಬ ಮಾತು ಕೇಳಿ ಅವಳು ಕೆಳಗೆ ಬಗ್ಗಿ ನೋಡಿದಳಂತೆ. ಎರಡನೆಯ ಮಹಡಿಯಾತ ಕೈ ಅಡ್ಡ ಹಿಡಿದು ಮೇಲೆ ನೋಡಿದಾಗ, ಅವನ ಮುಖ ಅವಳಿಗೆ ಪೂರ್ತಿ ಕಂಡಿತ್ತು. ಅವನು ನಕ್ಕದ್ದು ತನ್ನನ್ನು ನೋಡಿಯೇ ಎಂದು ಅವಳು ಹೇಳುತ್ತಾಳೆ.